ಜರ್ಮನಿಯ ಅಡ್ವೆಂಟ್ ದಿನಗಳು: ನೆರೆಮನೆಯ ಕ್ರಿಸ್‌ಮಸ್ ಸಿದ್ಧತೆಯಲ್ಲಿ ನಾವು ಹೇಗೆ ಜೊತೆಯಾಗಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ಪತಿಯ ಉದ್ಯೋಗದ ನಿಮಿತ್ತ ಕಳೆದ ಜೂನ್‌ನಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪ ವಾಸವಾಗಿದ್ದೇವೆ. ನಾಲ್ಕು ವರ್ಷದ ಮಗ ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಾನೆ. ಕೆಳಗಿನ ಮನೆಯ ಹಿರಿಯ ಮಹಿಳೆಯೊಬ್ಬರು ಮೊದಲ ಅಡ್ವೆಂಟ್ ಭಾನುವಾರ ಕಾಫಿಗೆ ಬರುವಂತೆಯೂ, ಇನ್ನೊಂದು ದಿನ ತಮ್ಮೊಂದಿಗೆ ಕ್ರಿಸ್‌ಮಸ್ ಬಿಸ್ಕತ್ತು ಮಾಡಲು ಬರುವಂತೆಯೂ ಕರೆದಿದ್ದಾರೆ. ಶಿಶುವಿಹಾರದವರು ಡಿಸೆಂಬರ್ 6ಕ್ಕೆ ಮಗುವಿನ ಒಂದು ಬೂಟು ತರಲು ಹೇಳಿದ್ದಾರೆ. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು, ಮನೆಯಲ್ಲಿ ನಿತ್ಯಪೂಜೆ ಇದೆ. ಇದರಲ್ಲೆಲ್ಲ ಎಷ್ಟರ ಮಟ್ಟಿಗೆ ಭಾಗವಹಿಸಬಹುದು ಎಂದು ನನ್ನ ಪತಿಗೆ ಸಂಕೋಚ. ಮತ್ತೊಂದು ಮಾತು: ಇಷ್ಟು ಪ್ರೀತಿ ತೋರಿಸುವ ಇವರಲ್ಲಿ ಯಾರೂ 24ರ ಸಂಜೆಗೆ ಮಾತ್ರ ನಮ್ಮನ್ನು ಕರೆದಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ತಿಳಿಯಾದರೆ ಉಳಿದದ್ದೂ ತಾನಾಗಿಯೇ ತಿಳಿಯಾಗುತ್ತದೆ. ಡಿಸೆಂಬರ್ 24ರ ಸಂಜೆ ಜರ್ಮನರ ಮನೆಗಳಲ್ಲಿ ತಂದೆ, ತಾಯಿ, ಮಕ್ಕಳು, ಅಜ್ಜ, ಅಜ್ಜಿ ಇಷ್ಟೇ ಜನ ಸೇರುವ ಹೊತ್ತು. ಎಷ್ಟೋ ವರ್ಷಗಳಿಂದ ಆಪ್ತರಾಗಿರುವ ಗೆಳೆಯರು ಕೂಡ ಅಂದು ಒಬ್ಬರನ್ನೊಬ್ಬರು ಕರೆಯುವುದು ಅಪರೂಪ. ಆ ಸಂಜೆಗೆ ಕರೆ ಬಾರದಿದ್ದರೆ ಅದರಲ್ಲಿ ನಿಮ್ಮ ಬಗೆಗಾಗಲಿ ನಿಮ್ಮ ಊರಿನ ಬಗೆಗಾಗಲಿ ಯಾವ ಅಭಿಪ್ರಾಯವೂ ಅಡಗಿಲ್ಲ. ಹೊರಗಿನವರಿಗೆ ಇಲ್ಲಿನ ಮನೆಗಳ ಬಾಗಿಲು ತೆರೆಯುವುದು ಹಬ್ಬದ ದಿನವಲ್ಲ, ಅದಕ್ಕೆ ಮೊದಲಿನ ನಾಲ್ಕು ವಾರಗಳಲ್ಲಿ. ಹಾಗಾಗಿ ನಿಮ್ಮ ನೆರೆಯವರು ಕಾಫಿಗೂ ಬಿಸ್ಕತ್ತಿನ ಕೆಲಸಕ್ಕೂ ಕರೆದಿದ್ದಾರೆಂದರೆ ಒಬ್ಬ ಹೊಸಬರಿಗೆ ಈ ನಾಡು ಕೊಡಬಹುದಾದ ಅತ್ಯಂತ ಆತ್ಮೀಯವಾದ ಆಹ್ವಾನವನ್ನೇ ಕೊಟ್ಟಿದ್ದಾರೆ. ದಯವಿಟ್ಟು ಎರಡಕ್ಕೂ ಹೋಗಿ. ಹೊಸದಾಗಿ ಬರುವ ಭಾರತೀಯ ಕುಟುಂಬಗಳಿಗೆ ಇಲ್ಲಿನ ರೀತಿ ರಿವಾಜುಗಳನ್ನು ಪರಿಚಯಿಸುವ ಕೆಲಸದಲ್ಲಿರುವ ನಾನು ಕಂಡಿರುವಂತೆ, ಮೊದಲ ಚಳಿಗಾಲದಲ್ಲಿ ಇಂಥ ಕರೆಯನ್ನು ಸಂಕೋಚದಿಂದ ತಪ್ಪಿಸಿಕೊಂಡವರಿಗೆ ಅದು ಮತ್ತೆ ಸಿಗಲು ಬಹಳ ಕಾಲ ಹಿಡಿಯುತ್ತದೆ.

ಅಡ್ವೆಂಟ್ ಎಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಕಾಯುವಿಕೆಯ ಕಾಲ. ಮೊದಲ ಭಾನುವಾರ ಯಾವಾಗಲೂ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುವುದರಿಂದ ಈ ಅವಧಿ ಕೆಲವು ವರ್ಷ 22 ದಿನಗಳಷ್ಟು ಚಿಕ್ಕದಾಗಿಯೂ ಕೆಲವು ವರ್ಷ 28 ದಿನಗಳಷ್ಟು ದೊಡ್ಡದಾಗಿಯೂ ಇರುತ್ತದೆ. ಮೂಲದಲ್ಲಿ ಇದು ಉಪವಾಸ ಮತ್ತು ಪ್ರಾರ್ಥನೆಯ ಕಾಲವಾಗಿತ್ತು. ಇಂದಿಗೂ ಇದರ ಸ್ವಭಾವದಲ್ಲಿ ಒಂದು ತಡೆ, ಒಂದು ಸಂಯಮ ಉಳಿದುಕೊಂಡಿದೆ. ಹಳೆಯ ಕ್ರಮವನ್ನು ಪಾಲಿಸುವ ಮನೆಗಳಲ್ಲಿ ಕ್ರಿಸ್‌ಮಸ್ ಮರವನ್ನು 23 ಅಥವಾ 24ರವರೆಗೆ ನಿಲ್ಲಿಸುವುದಿಲ್ಲ, ಉಡುಗೊರೆಗಳನ್ನು ಹೊರಗಿಡುವುದಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿಯೇ ನೀವು ಕ್ರಿಸ್‌ಮಸ್ ಶುಭಾಶಯ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲವಾದರೂ, ಅಡ್ವೆಂಟ್ ಭಾನುವಾರ ಚೆನ್ನಾಗಿರಲಿ ಎಂಬರ್ಥದ ‘ಷ್ಯೋನನ್ ಅಡ್ವೆಂಟ್’ ಎಂಬ ಮಾತು ಆ ದಿನಗಳಿಗೆ ಹೆಚ್ಚು ಒಪ್ಪುತ್ತದೆ. ‘ಫ್ರೋಹೆ ವೈನಾಖ್ಟನ್’ ಎಂಬ ಕ್ರಿಸ್‌ಮಸ್ ಹಾರೈಕೆಯನ್ನು ಹಬ್ಬಕ್ಕೆ ಎರಡು ಮೂರು ದಿನ ಇರುವಾಗ, ಮತ್ತೆ ಹಬ್ಬದ ತನಕ ಭೇಟಿಯಾಗುವುದಿಲ್ಲವೆಂದು ತಿಳಿದಾಗ ಹೇಳುತ್ತಾರೆ.

ಮೊದಲ ಭಾನುವಾರ ನಿಮ್ಮ ನೆರೆಯವರ ಮೇಜಿನ ಮೇಲೆ ಫರ್ ಮರದ ಹಸಿರು ಟೊಂಗೆಗಳಿಂದ ಕಟ್ಟಿದ ಒಂದು ಬಳೆಯಾಕಾರದ ಮಾಲೆಯನ್ನೂ ಅದರ ಮೇಲೆ ನಾಲ್ಕು ಮೇಣದಬತ್ತಿಗಳನ್ನೂ ಕಾಣುತ್ತೀರಿ. ಅಂದು ಒಂದನ್ನಷ್ಟೇ ಹಚ್ಚುತ್ತಾರೆ. ಮುಂದಿನ ಭಾನುವಾರ ಅದರ ಜೊತೆಗೆ ಎರಡನೆಯದನ್ನು, ಹೀಗೆ ನಾಲ್ಕನೆಯ ಭಾನುವಾರ ನಾಲ್ಕನ್ನೂ ಹಚ್ಚುತ್ತಾರೆ. ಆ ಹೊತ್ತಿಗೆ ಮೊದಲ ಬತ್ತಿ ಬಹುತೇಕ ಕರಗಿ ಮೋಟಾಗಿ, ಕೊನೆಯದು ಹೊಸದಾಗಿಯೇ ಉಳಿದು, ನಾಲ್ಕೂ ಮೆಟ್ಟಿಲಿನಂತೆ ನಿಂತಿರುತ್ತವೆ. ಈ ರೂಢಿ ಬಹಳ ಪ್ರಾಚೀನವೆಂದು ಹಲವರು ಭಾವಿಸುತ್ತಾರೆ. ಆದರೆ ಇದರ ಹುಟ್ಟು ಸ್ಪಷ್ಟವಾಗಿ ದಾಖಲಾಗಿದೆ. ಹ್ಯಾಂಬರ್ಗ್‌ನಲ್ಲಿ ನಿರ್ಗತಿಕ ಮಕ್ಕಳಿಗಾಗಿ ಆಶ್ರಮವೊಂದನ್ನು ನಡೆಸುತ್ತಿದ್ದ ಪ್ರೊಟೆಸ್ಟೆಂಟ್ ಪಾದ್ರಿ ಯೋಹಾನ್ ಹಿನ್ರಿಖ್ ವಿಖರ್ನ್ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿಗಳನ್ನೂ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿಗಳನ್ನೂ ನಿಲ್ಲಿಸಿ, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದ ಮಕ್ಕಳಿಗೆ ಎಣಿಕೆ ಕಾಣುವಂತೆ ಮಾಡಿದರು. ಹಸಿರು ಟೊಂಗೆಗಳು ಆಮೇಲೆ ಬಂದವು, ಚಿಕ್ಕ ಬತ್ತಿಗಳು ಬಿಟ್ಟುಹೋದವು, ಪ್ರೊಟೆಸ್ಟೆಂಟರ ಈ ರೂಢಿ 20ನೆಯ ಶತಮಾನದಲ್ಲಿ ಕ್ಯಾಥೊಲಿಕ್ ಮನೆಗಳಿಗೂ ಹರಡಿತು. ಮನೆಮಠವೇ ಇಲ್ಲದ ಮಕ್ಕಳಿಗೆ ದಿನ ಎಣಿಸುವ ಸಂತೋಷವನ್ನು ಕೊಡಲು ಹುಟ್ಟಿದ ವಸ್ತು ಇದು ಎಂಬುದನ್ನು ನಿಮ್ಮ ಪತಿಗೆ ಅವಶ್ಯವಾಗಿ ಹೇಳಿ.

ಮಕ್ಕಳಿಗಾಗಿ 24 ಪುಟ್ಟ ಬಾಗಿಲುಗಳಿರುವ ಅಡ್ವೆಂಟ್ ಕ್ಯಾಲೆಂಡರ್ ನಿಮ್ಮ ಭಾಗದ ಕೊಡುಗೆಯೇ. ಸ್ಟುಟ್‌ಗಾರ್ಟ್‌ನಿಂದ ವಾಯವ್ಯಕ್ಕೆ ಹೆಚ್ಚು ದೂರವಿಲ್ಲದ ಮೌಲ್‌ಬ್ರೊನ್ ಎಂಬ ಊರಿನಲ್ಲಿ ಹುಟ್ಟಿದ ಗೇರ್ಹಾರ್ಟ್ ಲಾಂಗ್ ಎಂಬವರಿಗೆ ಬಾಲ್ಯದಲ್ಲಿ ತಾಯಿ ರಟ್ಟಿನ ಮೇಲೆ 24 ಸಿಹಿ ತುಣುಕುಗಳನ್ನು ಅಂಟಿಸಿ ದಿನಕ್ಕೊಂದರಂತೆ ಕೊಡುತ್ತಿದ್ದರಂತೆ. ದೊಡ್ಡವರಾಗಿ ಮ್ಯೂನಿಕ್‌ನಲ್ಲಿ ಮುದ್ರಣೋದ್ಯಮಿಯಾದ ಅವರು 20ನೆಯ ಶತಮಾನದ ಆರಂಭದಲ್ಲಿ ಇಂಥ ಕ್ಯಾಲೆಂಡರ್‌ಗಳನ್ನು ಅಚ್ಚುಹಾಕಿ ಮಾರಿದರು. ಅಂಗಡಿಯ ಚಾಕೊಲೇಟ್ ಕ್ಯಾಲೆಂಡರ್‌ಗಿಂತ ನೀವೇ 24 ಕಾಗದದ ಪೊಟ್ಟಣಗಳನ್ನು ದಾರಕ್ಕೆ ಕಟ್ಟಿ ತೂಗುಹಾಕುವುದು ಒಳ್ಳೆಯದು. ಒಂದರಲ್ಲಿ ಎರಡು ಗೋಡಂಬಿ, ಇನ್ನೊಂದರಲ್ಲಿ ಒಂದು ಸ್ಟಿಕರ್, ಮತ್ತೊಂದರಲ್ಲಿ ‘ಇಂದು ಸಂಜೆ ಅಜ್ಜಿಗೆ ಫೋನ್’ ಎಂದು ಬರೆದ ಚೀಟಿ ಸಾಕು.

ಕಾಫಿಯ ಆಹ್ವಾನ ಸಾಮಾನ್ಯವಾಗಿ ಮಧ್ಯಾಹ್ನ ಮೂರು, ಮೂರೂವರೆಗೆ ಇರುತ್ತದೆ. ಹೇಳಿದ ಸಮಯಕ್ಕೆ ಹೋಗಿ. ಹತ್ತು ನಿಮಿಷ ಮೊದಲೂ ಬೇಡ, ಕಾಲು ಗಂಟೆ ತಡವೂ ಬೇಡ. ಕತ್ತಲಾಗುತ್ತಿದ್ದಂತೆ ಬತ್ತಿ ಹಚ್ಚುವುದು ವಾಡಿಕೆ. ಡಿಸೆಂಬರ್‌ನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟರ ಮೇಲೆ, ಮುಳುಗುವುದು ಸಂಜೆ ನಾಲ್ಕೂವರೆಗೆ. ದಾವಣಗೆರೆಯ ಬಿಸಿಲಿನಿಂದ ಬಂದವರಿಗೆ ಈ ಕತ್ತಲೆ ಮನಸ್ಸಿನ ಮೇಲೆ ಭಾರವಾಗಿ ಕೂರುತ್ತದೆ ಎಂಬುದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಇಲ್ಲಿನವರಿಗೂ ಅದು ಭಾರವೇ. ಕಿಟಕಿಗಳಲ್ಲಿ ದೀಪದ ಕಮಾನುಗಳು, ಕಾಗದದ ನಕ್ಷತ್ರಗಳು ತುಂಬಿಕೊಳ್ಳುವುದು ಆ ಕಾರಣಕ್ಕೂ ಹೌದು. ಕಮಾನಿನಾಕಾರದ ದೀಪ ಸ್ಯಾಕ್ಸನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಗಣಿ ಕಾರ್ಮಿಕರ ಊರುಗಳಿಂದ ಬಂದದ್ದು. ಚಳಿಗಾಲದಲ್ಲಿ ಕತ್ತಲಲ್ಲಿ ಗಣಿಗೆ ಇಳಿದು ಕತ್ತಲಲ್ಲೇ ಮೇಲೆ ಬರುತ್ತಿದ್ದ ಜನರಿಗೆ ಕಿಟಕಿಯ ಬೆಳಕು ಎಷ್ಟು ದೊಡ್ಡದೆಂದು ಈ ಡಿಸೆಂಬರ್‌ನಲ್ಲಿ ನಿಮಗೇ ತಿಳಿಯುತ್ತದೆ.

ಇನ್ನು ಬಿಸ್ಕತ್ತಿನ ಕೆಲಸ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅಡ್ವೆಂಟ್‌ನ ಜೀವ ಇರುವುದು ಅಡುಗೆಮನೆಯಲ್ಲಿ. ನಿಮ್ಮ ಸ್ವಾಬಿಯಾ ಸೀಮೆಯಲ್ಲಿ ಈ ಬಿಸ್ಕತ್ತುಗಳಿಗೆ ‘ಗುಟ್ಸ್‌ಲೆ’ ಎನ್ನುತ್ತಾರೆ. ಜರ್ಮನಿಯ ಬೇರೆ ಕಡೆ ‘ಪ್ಲೆಟ್ಸ್‌ಖನ್’ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಒಂದೊಂದು ಮನೆಯಲ್ಲಿ ಐದಾರು ಬಗೆ ಮಾಡುವುದು ಸಾಮಾನ್ಯ. ಮಾಡಿದ್ದನ್ನು ತಗಡಿನ ಡಬ್ಬಿಗಳಲ್ಲಿ ಪದರ ಪದರವಾಗಿ ಬೇಕಿಂಗ್ ಕಾಗದ ಹಾಸಿ ತುಂಬಿಡುತ್ತಾರೆ. ಅವು ಕ್ರಿಸ್‌ಮಸ್‌ವರೆಗೆ ಬರಬೇಕು. ಮೊಟ್ಟೆ ತಿನ್ನದ ನಿಮಗೆ ಒಂದು ಒಳ್ಳೆಯ ಸುದ್ದಿಯಿದೆ: ಎಲ್ಲರ ಮನೆಯಲ್ಲೂ ಮಾಡುವ ವನಿಲೆಕಿಪ್ಫರ್ಲ್ ಎಂಬ ಅರ್ಧಚಂದ್ರಾಕಾರದ ಬಿಸ್ಕತ್ತು ಮೊಟ್ಟೆಯಿಲ್ಲದೆಯೇ ಚೆನ್ನಾಗಿ ಬರುತ್ತದೆ. ಕೆಲವರು ಹಳದಿ ಭಾಗ ಸೇರಿಸುತ್ತಾರೆ, ಆದರೆ ಅದು ಅನಿವಾರ್ಯವಲ್ಲ. 250 ಗ್ರಾಂ ಮೈದಾ, 200 ಗ್ರಾಂ ತಣ್ಣನೆಯ ಬೆಣ್ಣೆ, 100 ಗ್ರಾಂ ಬಾದಾಮಿ ಪುಡಿ, 80 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಸಾಕು. ಚಪಾತಿ ಹಿಟ್ಟಿನಂತೆ ನಾದಬೇಡಿ. ಹಿಟ್ಟು ಕೂಡಿಕೊಳ್ಳುತ್ತಿದ್ದಂತೆ ಕೈ ತೆಗೆಯಿರಿ, ಇಲ್ಲವಾದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಬೆರಳಿನ ದಪ್ಪಕ್ಕೆ ಹೊಸೆದು, ತುಂಡು ಮಾಡಿ, ತುದಿಗಳನ್ನು ಚೂಪುಮಾಡಿ ಬಾಗಿಸಿ, 175 ಡಿಗ್ರಿಯಲ್ಲಿ ಸುಮಾರು ಹನ್ನೆರಡು ನಿಮಿಷ ಬೇಯಿಸುತ್ತಾರೆ. ಅಂಚು ಕೆಂಪಾಗುವ ಮೊದಲೇ, ಇನ್ನೂ ಬಿಳಿಚಿಕೊಂಡಿರುವಾಗಲೇ ಹೊರತೆಗೆಯಬೇಕು.

ನಿಜವಾದ ಕೈಚಳಕ ಇರುವುದು ಇದರ ನಂತರ. ವೆನಿಲ್ಲಾ ಬೆರೆಸಿದ ಸಕ್ಕರೆ ಪುಡಿಯಲ್ಲಿ ಅವುಗಳನ್ನು ಹೊರಳಿಸಬೇಕು. ತೀರ ಬಿಸಿಯಿದ್ದಾಗ ಮುಟ್ಟಿದರೆ ಮುರಿಯುತ್ತವೆ, ಪೂರ್ತಿ ಆರಿದ ಮೇಲೆ ಹೊರಳಿಸಿದರೆ ಸಕ್ಕರೆ ಹಿಡಿಯುವುದಿಲ್ಲ. ನಡುವೆ ಸಿಗುವ ಕೆಲವೇ ನಿಮಿಷಗಳಲ್ಲಿ ಮನೆಮಂದಿಯೆಲ್ಲ ತಟ್ಟೆಯ ಸುತ್ತ ನಿಂತು, ಒಬ್ಬರು ಎತ್ತಿಕೊಡುತ್ತಾ ಇನ್ನೊಬ್ಬರು ಹೊರಳಿಸುತ್ತಾ, ಮುರಿದವುಗಳನ್ನು ಮಕ್ಕಳು ತಿನ್ನುತ್ತಾ ಕೆಲಸ ಮುಗಿಸುತ್ತಾರೆ. ಭಾಷೆ ಇನ್ನೂ ಕೂಡಿಬಾರದ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಕೈಗೆ ಕೆಲಸವಿರುವ ಕಡೆ ಮಾತು ತಡವರಿಸಿದರೂ ನಡೆಯುತ್ತದೆ.

ನಿಮ್ಮ ನೆರೆಯವರು ಹಳೆಯ ಸ್ವಾಬಿಯನ್ ಮನೆತನದವರಾದರೆ ಷ್ಪ್ರಿಂಗರ್ಲೆ ಮಾಡುವ ಸಾಧ್ಯತೆಯೂ ಇದೆ. ಹಿಟ್ಟಿನ ಹಾಳೆಯ ಮೇಲೆ ಕೆತ್ತನೆಯ ಮರದ ಅಚ್ಚನ್ನು ಒತ್ತಿ, ಚಿತ್ರ ಮೂಡಿಸಿ, ಸೋಂಪು ಹಾಸಿದ ತಟ್ಟೆಯ ಮೇಲೆ ಒಂದು ರಾತ್ರಿ ಒಣಗಲು ಬಿಡುತ್ತಾರೆ. ಮೇಲ್ಭಾಗ ಒಣಗಿ ಗಟ್ಟಿಯಾಗುವುದರಿಂದ ಬೇಯುವಾಗ ಹಿಟ್ಟು ಕೆಳಗಿನಿಂದಷ್ಟೇ ಉಬ್ಬುತ್ತದೆ, ಚಿತ್ರ ಕೆಡುವುದಿಲ್ಲ. ಇದಕ್ಕೆ ಮೊಟ್ಟೆ ಬೇಕೇ ಬೇಕು. ನೀವು ತಿನ್ನದಿದ್ದರೂ ಅಚ್ಚು ಒತ್ತುವುದಕ್ಕೆ ಅಡ್ಡಿಯಿಲ್ಲ ಎನ್ನಿಸಿದರೆ ನಿಮ್ಮ ಮಗನಿಗೆ ಆ ಕೆಲಸ ಬಹಳ ಇಷ್ಟವಾಗುತ್ತದೆ.

ಆಹಾರದ ವಿಷಯವನ್ನು ಮುಂಚಿತವಾಗಿ, ನೇರವಾಗಿ ಹೇಳಿಬಿಡಿ. ‘ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಹಾಲು ಬೆಣ್ಣೆ ತಿನ್ನುತ್ತೇವೆ, ನಿಮ್ಮ ಜೊತೆ ಬಿಸ್ಕತ್ತು ಮಾಡಲು ನಮಗೆ ತುಂಬ ಇಷ್ಟ’ ಎಂದು ಒಂದು ವಾರ ಮೊದಲೇ ತಿಳಿಸಿದರೆ ಅವರು ಸಂತೋಷದಿಂದ ಹೊಂದಿಸಿಕೊಳ್ಳುತ್ತಾರೆ. ಎದುರಿಗೆ ‘ಆಗಲಿ’ ಎಂದು, ಆಮೇಲೆ ತಟ್ಟೆಯನ್ನು ಮುಟ್ಟದೆ ಕೂರುವುದು ಮಾತ್ರ ಇಲ್ಲಿ ಮನಸ್ಸಿಗೆ ನೋವು ಕೊಡುತ್ತದೆ. ಅಂಗಡಿಯಿಂದ ಕೊಳ್ಳುವಾಗ ಚೀಟಿಯಲ್ಲಿ ಐಯರ್ ಎಂದರೆ ಮೊಟ್ಟೆ, ಷ್ವೈನೆಷ್ಮಾಲ್ಟ್ಸ್ ಎಂದರೆ ಹಂದಿಯ ಕೊಬ್ಬು, ಗೆಲಾಟಿನೆ ಎಂದರೆ ಪ್ರಾಣಿಮೂಲದ ಜೆಲಾಟಿನ್ ಎಂದು ನೆನಪಿಡಿ. ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ, ಕೆಲವು ಅಡ್ವೆಂಟ್ ಕ್ಯಾಲೆಂಡರ್‌ಗಳಲ್ಲಿ ಈ ಮೂರನೆಯದು ಇರುತ್ತದೆ. ಷ್ಟೋಲನ್ ಎಂಬ ಒಣಹಣ್ಣಿನ ಬ್ರೆಡ್ಡಿನ ದ್ರಾಕ್ಷಿಯನ್ನು ಬಹುಮಟ್ಟಿಗೆ ರಮ್‌ನಲ್ಲಿ ನೆನೆಸಿರುತ್ತಾರೆ.

ಇದೇ ಅಡುಗೆಮನೆಯಲ್ಲಿ ನಿಮಗೆ ಪರಿಚಿತವಾದ ಪರಿಮಳವೊಂದು ಎದುರಾಗುತ್ತದೆ. ನ್ಯೂರೆಂಬರ್ಗ್ ನಗರದ ಹೆಸರಾಂತ ಲೇಬ್‌ಕೂಖನ್ ಎಂಬ ಮಸಾಲೆ ಬಿಸ್ಕತ್ತಿನಲ್ಲಿ ಏಲಕ್ಕಿ, ದಾಲ್ಚಿನ್ನಿ, ಲವಂಗ, ಕೊತ್ತಂಬರಿ ಬೀಜ, ಜಾಯಿಕಾಯಿ ಬೀಳುತ್ತವೆ. ಮಧ್ಯಯುಗದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ ಅರಬ್ ವರ್ತಕರ ಮೂಲಕ ಹೊರಟ ಮೆಣಸು ಮತ್ತು ಏಲಕ್ಕಿ ವೆನಿಸ್ ದಾಟಿ, ಆಲ್ಪ್ಸ್ ಏರಿಳಿದು ನ್ಯೂರೆಂಬರ್ಗ್‌ನ ವರ್ತಕರನ್ನು ಸೇರುತ್ತಿದ್ದವು. ಸುತ್ತಲಿನ ಕಾಡಿನಲ್ಲಿ ಜೇನು ಯಥೇಚ್ಛವಾಗಿತ್ತು. ಇವೆರಡೂ ಒಂದೇ ಊರಿನಲ್ಲಿ ಕೂಡಿದ್ದರಿಂದ ಆ ಸಿಹಿ ಅಲ್ಲಿ ಬೆಳೆಯಿತು. ಅದರ ಅತ್ಯುತ್ತಮ ಬಗೆಯಾದ ಎಲೀಸೆನ್ ಲೇಬ್‌ಕೂಖನ್‌ನಲ್ಲಿ ಬಾದಾಮಿ, ಹೇಜಲ್‌ನಟ್, ಆಕ್ರೋಟಗಳು ಕನಿಷ್ಠ ಶೇ. 25ರಷ್ಟು ಇರಬೇಕು, ಹಿಟ್ಟು ಶೇ. 10ನ್ನು ಮೀರಬಾರದು ಎಂಬ ಕಟ್ಟುನಿಟ್ಟಿದೆ. ಸಕಲೇಶಪುರದ ಏಲಕ್ಕಿ ಮನೆಯಲ್ಲಿದ್ದರೆ ಒಂದು ಪುಟ್ಟ ಪೊಟ್ಟಣವನ್ನು ನೆರೆಯವರಿಗೆ ಕೊಡಿ. ಹೂಗುಚ್ಛಕ್ಕಿಂತ ಹೆಚ್ಚು ಆದರದಿಂದ ಸ್ವೀಕರಿಸುತ್ತಾರೆ.

ಬರುವಾಗ ಅವರು ನಿಮ್ಮ ಕೈಗೆ ಒಂದು ಡಬ್ಬಿ ಬಿಸ್ಕತ್ತು ಕೊಡುವುದು ಹೆಚ್ಚುಕಡಿಮೆ ಖಚಿತ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಮ್ಮ ಮನೆಗಳ ನಿಯಮವನ್ನು ಇಲ್ಲಿ ಮುಂದುವರಿಸಿ. ಚಕ್ಕುಲಿ, ಕೋಡುಬಳೆ, ಕೊಬ್ಬರಿ ಮಿಠಾಯಿ ಯಾವುದಾದರೂ ಸರಿ. ಖಾರ ಮಾತ್ರ ನೀವು ಕಡಿಮೆ ಎಂದುಕೊಂಡದ್ದರ ಅರ್ಧ ಹಾಕಿ, ಮತ್ತು ಕಡಲೆಕಾಯಿ, ಗೋಡಂಬಿ, ಎಳ್ಳು ಇದ್ದರೆ ಚೀಟಿಯಲ್ಲಿ ಬರೆದಿಡಿ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಕುಸ್ವಾರ್ ತಟ್ಟೆ, ಅದರಲ್ಲಿನ ನೆವ್ರಿ, ಕಿಡಿಯೊ, ಗುಳಿಯೊಗಳು ನೆರೆಹೊರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುವುದನ್ನು ನೀವು ಕೇಳಿರಬಹುದು. ಕೊಡುವ ಕೊಳ್ಳುವ ಆ ಸಂಬಂಧ ಈ ಕಟ್ಟಡದ ಮೆಟ್ಟಿಲುಗಳಲ್ಲಿಯೂ ಬೆಳೆಯಬಲ್ಲದು.

ಇನ್ನು ಬೂಟಿನ ವಿಷಯ. ಡಿಸೆಂಬರ್ 6 ಸಂತ ನಿಕೋಲಾಸ್ ದಿನ. ಇಂದಿನ ತುರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪ್ ಆಗಿದ್ದ ನಿಕೋಲಾಸ್ ಬಡವರಿಗೆ ಗುಟ್ಟಾಗಿ ನೆರವಾಗುತ್ತಿದ್ದನೆಂಬ ಐತಿಹ್ಯ ಇದರ ಹಿಂದಿದೆ. 5ರ ರಾತ್ರಿ ಮಕ್ಕಳು ಬೂಟನ್ನು ಚೆನ್ನಾಗಿ ಒರೆಸಿ ಬಾಗಿಲ ಬಳಿ ಇಡುತ್ತಾರೆ. ಬೆಳಗಾಗುವುದರೊಳಗೆ ಅದರಲ್ಲಿ ಆಕ್ರೋಟ, ಶೇಂಗಾ, ಮ್ಯಾಂಡರಿನ್ ಕಿತ್ತಳೆ, ಒಂದು ಚಾಕೊಲೇಟ್ ಇರುತ್ತವೆ. ಇಷ್ಟೇ ಇರಲಿ. ಪ್ರೀತಿ ಹೆಚ್ಚಾಗಿ ದುಬಾರಿ ಆಟಿಕೆಯನ್ನು ತುರುಕುವ ತಂದೆತಾಯಿಗಳನ್ನು ನೋಡಿದ್ದೇನೆ. ಮರುದಿನ ಮಕ್ಕಳು ತಮ್ಮ ತಮ್ಮೊಳಗೆ ಹೋಲಿಸಿಕೊಳ್ಳುವುದರಿಂದ ಅದು ಬೇರೆಯವರ ಮನೆಗಳಲ್ಲಿ ತೊಂದರೆ ತರುತ್ತದೆ. ನಿಕೋಲಾಸ್ ವೇಷದವರು ಶಿಶುವಿಹಾರಕ್ಕೆ ಬಂದು, ದೊಡ್ಡ ಪುಸ್ತಕವೊಂದನ್ನು ಬಿಡಿಸಿ, ವರ್ಷವಿಡೀ ಹೇಗಿದ್ದೆ ಎಂದು ಮಗುವನ್ನು ಕೇಳುವುದೂ ಉಂಟು. ಜೊತೆಗೆ ಕ್ನೆಖ್ಟ್ ರುಪ್ರೆಖ್ಟ್ ಎಂಬ ಕಪ್ಪು ನಿಲುವಂಗಿಯ ಸಹಾಯಕನಿರಬಹುದು. ಆಲ್ಪ್ಸ್ ಕಡೆಯ ಊರುಗಳಲ್ಲಿ ಕೊಂಬಿನ ಕ್ರಾಂಪುಸ್ ಬರುತ್ತಾನೆ. ಹೆದರುವ ಮಗುವಾದರೆ ಮೊದಲೇ ಚಿತ್ರ ತೋರಿಸಿ ಹೇಳಿಡಿ.

ನಿಕೋಲಾಸ್ ಬಂದು ಹೋದ ಮೇಲೆ 24ರ ಸಂಜೆಯ ಉಡುಗೊರೆ ತರುವವರು ಬೇರೆ. ಜರ್ಮನಿಯ ಉತ್ತರ ಮತ್ತು ಪೂರ್ವದಲ್ಲಿ ವೈನಾಖ್ಟ್ಸ್‌ಮಾನ್ ಎಂಬ ಬಿಳಿಗಡ್ಡದ ಅಜ್ಜ, ನಿಮ್ಮ ದಕ್ಷಿಣದಲ್ಲಿ ಬಹುಮಟ್ಟಿಗೆ ಕ್ರಿಸ್ಟ್‌ಕಿಂಡ್ ಎಂಬ ದೇವಶಿಶು. ನ್ಯೂರೆಂಬರ್ಗ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಒಬ್ಬ ಯುವತಿಯನ್ನು ಕ್ರಿಸ್ಟ್‌ಕಿಂಡ್ ಆಗಿ ಆರಿಸುತ್ತಾರೆ. ಚಿನ್ನದ ಬಣ್ಣದ ಉಡುಪು ಧರಿಸಿ ಚರ್ಚಿನ ಮೇಲಂತಸ್ತಿನಿಂದ ಅಲ್ಲಿನ ಕ್ರಿಸ್‌ಮಸ್ ಸಂತೆಯನ್ನು ಉದ್ಘಾಟಿಸುವುದು ಅವಳ ಪಾತ್ರ. 2019ರಲ್ಲಿ ಆಯ್ಕೆಯಾದ ಬೆನಿಗ್ನಾ ಮುನ್ಸಿ ಅವರ ತಂದೆ ಭಾರತ ಮೂಲದವರು. ಆಕೆಯ ಬಣ್ಣವನ್ನು ಎತ್ತಿ ಆಡಿದವರು ಇದ್ದರು, ಆದರೆ ಅವರ ವಿರುದ್ಧ ಆಕೆಯ ಪರವಾಗಿ ನಿಂತವರ ಸಂಖ್ಯೆ ಬಹಳ ದೊಡ್ಡದಾಗಿತ್ತು. ನಿಮ್ಮ ಮಗನಿಗೆ ಮನೆಯಲ್ಲಿ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು. ಉಡುಗೊರೆ ಇಡುವವರು ಅಪ್ಪ ಅಮ್ಮನೇ ಎಂದು ಅವನು ಶಿಶುವಿಹಾರದಲ್ಲಿ ಸಾರದಂತೆ ಮಾತ್ರ ತಿಳಿಹೇಳಿ. ನಾಲ್ಕು ವರ್ಷದ ಮಕ್ಕಳ ನಡುವೆ ಇದು ಸಣ್ಣ ವಿಷಯವಲ್ಲ.

ಪತಿಯ ಸಂಕೋಚಕ್ಕೆ ಬರುತ್ತೇನೆ. ಅದು ಗೌರವಕ್ಕೆ ಅರ್ಹವಾದ ಸಂಕೋಚ, ಅದನ್ನು ತಳ್ಳಿಹಾಕಬಾರದು. ಆದರೆ ಅಡ್ವೆಂಟ್‌ನ ಆಚರಣೆಗಳಲ್ಲಿ ಮನೆಯ ಪದರ ಬೇರೆ, ಚರ್ಚಿನ ಪದರ ಬೇರೆ. ಮಾಲೆ, ಬತ್ತಿ, ಬಿಸ್ಕತ್ತು, ಬೂಟು ಮನೆಯವು. ಜರ್ಮನಿಯಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಚರ್ಚುಗಳ ಸದಸ್ಯರು ಒಟ್ಟು ಸೇರಿ ಈಗ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ ಇದ್ದಾರೆ, ಆದರೂ ಚರ್ಚಿಗೆ ಸೇರದ ಎಷ್ಟೋ ಮನೆಗಳಲ್ಲಿ ನಾಲ್ಕು ಬತ್ತಿಗಳು ಉರಿಯುತ್ತವೆ. ಇವುಗಳಲ್ಲಿ ಪಾಲ್ಗೊಂಡರೆ ನಿಮ್ಮ ಶ್ರದ್ಧೆಗೆ ಕುಂದು ಬರುವುದಿಲ್ಲ, ನಿಮ್ಮಿಂದ ಯಾರೂ ಅಂಥದ್ದನ್ನು ನಿರೀಕ್ಷಿಸುವುದೂ ಇಲ್ಲ. ಚರ್ಚಿನ ಸಂಗೀತ ಕಾರ್ಯಕ್ರಮಕ್ಕೋ ಪೂಜೆಗೋ ಹೋದರೆ ಗೌರವದಿಂದ ಕುಳಿತಿರುವುದು ಸಾಕು. ಕ್ಯಾಥೊಲಿಕ್ ಪೂಜೆಯಲ್ಲಿ ಪರಮಪ್ರಸಾದ ಕೊಡುವ ವೇಳೆ ಮುಂದೆ ಹೋಗಬೇಡಿ, ಅದು ಆ ಸಭೆಯ ಸದಸ್ಯರಿಗೆ ಮೀಸಲು. ಕ್ರಿಸ್ತಜನನದ ಗೋದಲಿಯನ್ನು ಮಗನಿಗೆ ವಿವರಿಸಲು ನಮ್ಮ ದಸರಾ ಗೊಂಬೆಗಳನ್ನು ನೆನಪಿಸಬಹುದು: ಪೆಟ್ಟಿಗೆಯಿಂದ ವರ್ಷಕ್ಕೊಮ್ಮೆ ಹೊರಬಂದು, ಕಥೆಯೊಂದನ್ನು ಹೇಳಿ, ಮತ್ತೆ ಹತ್ತಿಯಲ್ಲಿ ಸುತ್ತಿಕೊಂಡು ಒಳಗೆ ಹೋಗುವ ಗೊಂಬೆಗಳು ಅಲ್ಲಿಯೂ ಇವೆ.

ನೀವಿರುವ ಸೀಮೆಗೂ ನಮ್ಮ ಭಾಷೆಗೂ ಹಳೆಯ ನಂಟಿದೆ ಎಂಬುದೂ ನಿಮ್ಮ ಪತಿಗೆ ತಿಳಿದಿರಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಅನೇಕರು ಈ ವ್ಯುರ್ಟೆಂಬರ್ಗ್ ಪ್ರಾಂತದವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಸ್ಟುಟ್‌ಗಾರ್ಟ್‌ನ ಉತ್ತರಕ್ಕಿರುವ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದವರು. ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ನಿಮಗೆ ಸಮೀಪದ ಟ್ಯೂಬಿಂಗನ್‌ನಲ್ಲಿ. ಅವರು ಇಲ್ಲಿಂದ ಹೋಗಿ ನಮ್ಮ ನಡುವೆ ದಶಕಗಟ್ಟಲೆ ಬಾಳಿ ನಮ್ಮ ನುಡಿಯನ್ನು ಕಲಿತವರು. ನೆರೆಯವರಿಗೆ ಇದನ್ನು ಹೇಳಿ ನೋಡಿ. ಸ್ವಾಬಿಯಾದವನೊಬ್ಬ ನಿಮ್ಮ ಭಾಷೆಯ ಮೊದಲ ಪತ್ರಿಕೆ ನಡೆಸಿದ ಎಂಬ ಸಂಗತಿ ಇಲ್ಲಿನವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಕ್ರಿಸ್‌ಮಸ್ ಸಂತೆಗಳ ಬಗ್ಗೆ ನೀವು ಕೇಳಿಲ್ಲ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಸ್ಟುಟ್‌ಗಾರ್ಟ್‌ನ ಸಂತೆಗೆ 1692ರ ದಾಖಲೆಯಿದೆ, ಅಲ್ಲಿನ ಮಳಿಗೆಗಳ ಮಾಡಿನ ಮೇಲಿನ ಅಲಂಕಾರ ನೋಡಬೇಕಾದದ್ದು. ಶನಿವಾರದ ನೂಕುನುಗ್ಗಲನ್ನು ಬಿಟ್ಟು ವಾರದ ನಡುವಿನ ಮಧ್ಯಾಹ್ನ ಹೋಗಿ. ಗ್ಲೂವೈನ್ ಬಿಸಿ ಮಾಡಿದ ಮಸಾಲೆ ದ್ರಾಕ್ಷಾರಸ, ಅದರಲ್ಲಿ ಮದ್ಯವಿದೆ. ಮಗುವಿಗೂ ನಿಮಗೂ ಮದ್ಯವಿಲ್ಲದ ಕಿಂಡರ್‌ಪುನ್ಷ್ ಕೇಳಿ. ಕಪ್ಪಿಗೆ ಠೇವಣಿ ಹಣ ಹಿಡಿದಿರುತ್ತಾರೆ, ಹಿಂದಿರುಗಿಸಿದರೆ ಮರಳಿ ಬರುತ್ತದೆ.

ಸಂತೆಗಿಂತ ಹೆಚ್ಚು ಬೆಲೆಯುಳ್ಳ, ಖರ್ಚಿಲ್ಲದ ಒಂದು ರೂಢಿಯನ್ನು ನಿಮ್ಮ ಮನೆಗೆ ಸೂಚಿಸುತ್ತೇನೆ. ಡಿಸೆಂಬರ್ 4, ಸಂತ ಬಾರ್ಬರಾ ದಿನ, ಚೆರ್ರಿ ಮರದ ಕೆಲವು ಕಡ್ಡಿಗಳನ್ನು ಕತ್ತರಿಸಿ ನೀರಿನಲ್ಲಿಡುತ್ತಾರೆ. ಮನೆಯ ಬೆಚ್ಚಗಿನ ಗಾಳಿಯಲ್ಲಿ ಮೂರು ವಾರದಲ್ಲಿ, ಸರಿಯಾಗಿ ಕ್ರಿಸ್‌ಮಸ್ ಹೊತ್ತಿಗೆ, ಅವು ಹೂಬಿಡುತ್ತವೆ. ಮೊಗ್ಗು ಎಚ್ಚರಗೊಳ್ಳಲು ಮೊದಲು ಚಳಿ ತಾಕಿರಬೇಕು; ಆ ವರ್ಷ ಹಿಮ ಬೀಳದಿದ್ದರೆ ಕಡ್ಡಿಗಳನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಆಮೇಲೆ ಹೂದಾನಿಯಲ್ಲಿಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುವ ಕೆಲಸ ಮಗನಿಗಿರಲಿ. ಕಡ್ಡಿಯನ್ನು ಯಾರದೋ ತೋಟದಿಂದ ಮುರಿಯದೆ, ಕೇಳಿ ಪಡೆಯಿರಿ ಅಥವಾ ಹೂವಿನಂಗಡಿಯಿಂದ ತನ್ನಿ.

ಮನೆಯಲ್ಲಿ ಮಾಲೆ ಇಡುವುದಾದರೆ ಬೆಂಕಿಯ ಎಚ್ಚರಿಕೆ ಬಹಳ ಮುಖ್ಯ. ಬಿಸಿಗಾಳಿಯ ಕೋಣೆಯಲ್ಲಿ ಫರ್ ಎಲೆಗಳು ಎರಡು ವಾರದಲ್ಲೇ ಒಣಗಿ, ಕಿಡಿ ತಾಕಿದರೆ ಭುಗ್ಗೆಂದು ಉರಿಯುತ್ತವೆ. ಬತ್ತಿ ಹಚ್ಚಿ ಕೋಣೆ ಬಿಟ್ಟು ಹೋಗಬೇಡಿ. ಸೀರೆಯ ಸೆರಗು, ದುಪಟ್ಟಾ ಮೇಜಿನ ಮೇಲೆ ಹಾಯದಂತೆ ನೋಡಿಕೊಳ್ಳಿ. ಪರದೆಯಿಂದ ದೂರ, ಉರಿಯದ ತಟ್ಟೆಯ ಮೇಲೆ ಮಾಲೆಯನ್ನಿಡಿ. ಮನೆಯಲ್ಲಿ ಚಿಕ್ಕ ಮಗುವಿರುವುದರಿಂದ ಬ್ಯಾಟರಿ ಬತ್ತಿಗಳನ್ನು ಬಳಸಿದರೂ ಯಾರೂ ಕಡಿಮೆ ಎಣಿಸುವುದಿಲ್ಲ.

24ರಂದು ಅಂಗಡಿಗಳು ತಡವೆಂದರೆ ಮಧ್ಯಾಹ್ನ ಎರಡರ ವೇಳೆಗೆ ಮುಚ್ಚುತ್ತವೆ, 25 ಮತ್ತು 26 ಎರಡೂ ದಿನ ಪೂರ್ಣ ರಜೆ. ಹಾಲು, ತರಕಾರಿ, ಮಗುವಿನ ಔಷಧ ಎಲ್ಲವನ್ನೂ 23ಕ್ಕೆ ತಂದಿಡಿ. ಆ ಸಂಜೆ ಬೀದಿಗಳು ಬಿಕೋ ಎನ್ನುತ್ತವೆ, ಹೊಸಬರಿಗೆ ಅದೇ ಅತ್ಯಂತ ಒಂಟಿತನದ ಹೊತ್ತು. ಆ ಹೊತ್ತನ್ನು ಮೊದಲೇ ತುಂಬಿಸಿಕೊಳ್ಳಿ. ಮಧ್ಯಾಹ್ನ ಬಹುತೇಕ ಚರ್ಚುಗಳಲ್ಲಿ ಮಕ್ಕಳು ಕ್ರಿಸ್ತಜನನದ ನಾಟಕ ಆಡುತ್ತಾರೆ. ಯಾರು ಬೇಕಾದರೂ ಹೋಗಬಹುದು, ಜಾಗ ಸಿಗಬೇಕಾದರೆ ಅರ್ಧ ಗಂಟೆ ಮೊದಲು ಹೋಗಬೇಕು. ಸಂಜೆಗೆ ನಿಮ್ಮಂತೆಯೇ ಊರಿಂದ ದೂರವಿರುವ ಒಂದೆರಡು ಕುಟುಂಬಗಳನ್ನು ಊಟಕ್ಕೆ ಕರೆಯಿರಿ. ನಿಮ್ಮ ನೆರೆಯವರ ಮನೆಯಲ್ಲಿ ಭಾರಿ ಔತಣ ನಡೆದಿದೆ ಎಂದುಕೊಳ್ಳಬೇಡಿ, ಬಹಳಷ್ಟು ಮನೆಗಳಲ್ಲಿ ಅಂದಿನ ಊಟ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್ ಅಷ್ಟೇ. ದೊಡ್ಡ ಊಟ 25ಕ್ಕೆ.

27ರ ನಂತರ ಬಾಗಿಲುಗಳು ಮತ್ತೆ ತೆರೆಯುತ್ತವೆ. ಜನವರಿ 6 ನಿಮ್ಮ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ರಜಾದಿನ. ಅದರ ಆಸುಪಾಸಿನಲ್ಲಿ ಮೂವರು ರಾಜರ ವೇಷದ ಮಕ್ಕಳು ಬಂದು ಹಾಡಿ, ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಹಣ ಸಂಗ್ರಹಿಸಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ಆಶೀರ್ವಾದದ ಅಕ್ಷರಗಳನ್ನು ಬರೆಯುತ್ತಾರೆ. ಬರೆಯುವುದು ಬೇಡವೆನಿಸಿದರೆ ಹಾಗೆಂದು ಹೇಳಿ ಕಾಣಿಕೆಯನ್ನಷ್ಟೇ ಕೊಡಬಹುದು. ಅಷ್ಟರಲ್ಲಿ ನಿಮ್ಮ ಕಡೆಯಿಂದ ಕರೆಯುವ ಸರದಿ ಬಂದಿರುತ್ತದೆ. ಸಂಕ್ರಾಂತಿ ಹತ್ತಿರವಿರುವುದರಿಂದ ಅದರ ಸಮೀಪದ ಭಾನುವಾರವನ್ನೇ ಆರಿಸಿ, ನೆರೆಯವರಿಗೆ ಎರಡು ವಾರ ಮೊದಲೇ ಒಂದು ಕಾರ್ಡಿನಲ್ಲಿ ದಿನ ಮತ್ತು ಸಮಯ ಬರೆದು ಕೊಡಿ. ಅವರು ಡಿಸೆಂಬರ್‌ನಲ್ಲಿ ನಿಮ್ಮನ್ನು ತಿನ್ನಲಷ್ಟೇ ಅಲ್ಲದೆ ಕೆಲಸಕ್ಕೂ ಕರೆದಂತೆ, ನೀವೂ ಕೊಬ್ಬರಿ ಹೆಚ್ಚಲು, ಎಳ್ಳು ಹುರಿಯಲು ಅವರನ್ನು ಸ್ವಲ್ಪ ಮುಂಚಿತವಾಗಿಯೇ ಬರಹೇಳಿ.